ಕಪ್ಪು ಬಿಯರಿನಲ್ಲಿ ನಾನು ಕಂಡ ಹದಿನೇಳು ತಪ್ಪುಗಳು

ಹರಿಹರ ಸ್ಟೇಷನ್ನು

ಇಂಗ್ಲೆಂಡಿಗೆ ಹೋಗಿ ಬಂದವರು ಊರಲ್ಲಿ ಹೇಳುವ ಮಾತು ಮೂರು. ಅಲ್ಲಿ ಯಾರೂ ಎಲ್ಲೆಂದರಲ್ಲಿ ಉಗುಳುವುದಿಲ್ಲ. ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ಮಾತಿಗೊಮ್ಮೆ ಥ್ಯಾಂಕ್ಯೂ ಅನ್ನುತ್ತಾರೆ. ಮೂರೂ ನಿಜ, ನಾನೇ ನೋಡಿದ್ದೇನೆ. ಆದರೆ ಮೊದಲನೆಯದಕ್ಕೆ ಒಂದು ಅಪವಾದ ಉಂಟು. ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಂದು ಬಿಯರ್ ಕಾರ್ಖಾನೆಯೊಳಗೆ, ಆರು ಜನ ಮರ್ಯಾದಸ್ಥರ ಎದುರು ಒಬ್ಬ ಮನುಷ್ಯ ಉಗುಳಿದ. ಅವನು ದಾವಣಗೆರೆ ಮಂಡಿಪೇಟೆಯವನು. ಅವನ ಪರವಾಗಿ ವಾದಿಸಲೆಂದೇ ಈ ಬರಹ. ಯಾಕೆಂದರೆ ಅವನು ನಾನೇ.

ನಮ್ಮನ್ನು ಅಲ್ಲಿಗೆ ಕಳಿಸಿದ್ದು ಬಿಯರಿಗಲ್ಲ, ಲೇತಿಗೆ. ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ನಾನು ಹೊಸದಾಗಿ ಸೇರಿದ ಇಂಜಿನಿಯರು. ಆರು ತಿಂಗಳ ತರಬೇತಿಗೆ ನನ್ನ ಜೊತೆ ಆರಿಸಿದ್ದು ಫಿಟ್ಟರ್ ಬಸಣ್ಣನನ್ನು. ಕೊಂಡಜ್ಜಿ ಎಂಬ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಕಬ್ಬಿಣದ ಮೇಲೆ ಕೈಯಾಡಿಸಿ ಕೂದಲೆಳೆಯಷ್ಟು ಉಬ್ಬು ಎಲ್ಲಿದೆಯೆಂದು ಹೇಳಬಲ್ಲರು. ನಾನೋ, ಕೈಯಾಡಿಸುವ ಮೊದಲೇ ಅಲ್ಲಿ ಉಬ್ಬು ಯಾಕೆ ಇರಲಾರದು ಎಂಬುದಕ್ಕೆ ಮೂರು ಕಾರಣ ಕೊಡಬಲ್ಲವನು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪಾನನಿರೋಧದ ಪರವಾಗಿ ಮಾತಾಡಿ ಒಂದು ಬೆಳ್ಳಿ ಕಪ್ಪು ಗೆದ್ದಿದ್ದೆ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಅದರ ವಿರುದ್ಧ ಮಾತಾಡಿ ಇನ್ನೊಂದು ಗೆದ್ದೆ. ಎರಡೂ ಕಪ್ಪುಗಳಲ್ಲಿ ಅವ್ವ ಈಗ ಸಾಸಿವೆ, ಜೀರಿಗೆ ಇಡುತ್ತಾಳೆ.

ಸ್ಟೇಷನ್ನಿಗೆ ಅವ್ವ ಬಂದಿದ್ದಳು. "ಅಲ್ಲಿ ಕುಡಿಯಲ್ಲ ಅಂತ ಆಣೆ ಮಾಡು" ಎಂದಿದ್ದರೆ ನನಗೆ ಸುಲಭವಿತ್ತು. ಆಣೆಯೆಂದರೇನು, ಅದಕ್ಕೆ ಆಧಾರವೇನು, ಮುರಿದರೆ ಯಾರಿಗೆ ನಷ್ಟ ಎಂದು ಕೇಳಿ ಗಾಡಿ ಸಿಳ್ಳೆ ಹಾಕುವುದರೊಳಗೆ ಗೆದ್ದುಬಿಡುತ್ತಿದ್ದೆ. ಅವ್ವ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ನಾ ಏನೂ ಹೇಳಲ್ಲಪ್ಪ. ಓದಿದಾವ ಅದೀಯ. ನಿನಗೇ ಗೊತ್ತೈತೆ," ಅಂದಳು.

ಈ ಮಾತಿಗೆ ಪ್ರತಿವಾದವನ್ನು ಬೊಂಬಾಯಿಯವರೆಗೂ ಹುಡುಕಿದೆ. ಸಿಗಲಿಲ್ಲ. ಹಡಗು ಹತ್ತಿದ ಮೇಲೆ ಹೊಟ್ಟೆಯಲ್ಲಿ ನೀರೂ ನಿಲ್ಲದಂತಾಗಿ ಆ ಪ್ರಶ್ನೆಯೇ ಏಳಲಿಲ್ಲ.

ಡಾಬ್ಸ್ ಅವರ ಊಟದ ಮೇಜು

ನಾವು ಉಳಿದದ್ದು ಬರ್ಮಿಂಗ್‌ಹ್ಯಾಮಿನಿಂದ ಒಂದು ಗಂಟೆ ಬಸ್ಸಿನ ಹಾದಿಯ ಸಣ್ಣ ಊರಿನಲ್ಲಿ. ದಿನಾ ಲೇತ್ ಕಾರ್ಖಾನೆಗೆ ಹೋಗುತ್ತಿದ್ದ ಊರ ಬಸ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ನಂದಿಗುಡಿ ಬಸ್ಸಿನಲ್ಲಿ ಎರಡು ಮೈಲಿ ದಾಟುವುದರೊಳಗೆ ಪಕ್ಕದವರಿಗೆ ನಿಮ್ಮ ಮನೆತನ, ಕೆಲಸ, ಇನ್ನೂ ಮದುವೆಯಾಗದ ಕಾರಣ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಮೂರು ವಾರ ನಮ್ಮ ಪಕ್ಕದಲ್ಲೇ ಕೂತು ಬಂದ ಒಬ್ಬ ಮನುಷ್ಯ ನಾಲ್ಕನೆಯ ವಾರ ಗಂಟಲು ಸರಿಮಾಡಿಕೊಂಡ. ನಾವಿಬ್ಬರೂ ಕಿವಿ ನಿಮಿರಿಸಿದೆವು. "ಮಳೆ ಬರಬಹುದು," ಎಂದು ಹೇಳಿ ಇಳಿದುಹೋದ.

"ಇಷ್ಟು ಗಂಟಲು ಕೆರೆದಿದ್ದು ನೋಡಿ ಹೆಣ್ಣು ಕೊಡಾಕ ಬಂದಾನೇನೋ ಅನ್ಕಂಡೆ," ಅಂದರು ಬಸಣ್ಣ.

ಮನೆಯೊಡತಿ ಮಿಸೆಸ್ ಡಾಬ್ಸ್ ದಪ್ಪನೆಯ, ಗಡಿಬಿಡಿಯ ಹೆಂಗಸು. ನಾವು ಮಾಂಸ ತಿನ್ನುವುದಿಲ್ಲ ಎಂದು ಹೇಳಿದ ದಿನ ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದರು, ಮನೆಯಲ್ಲಿ ಯಾರಿಗೋ ಕಾಯಿಲೆ ಎಂದು ಕೇಳಿದವರಂತೆ. ಅವರ ಮೇಜಿನ ಮೇಲೆ ಬೆಳ್ಳಿ ಬಣ್ಣದ ಒಂದು ಚೌಕಟ್ಟಿತ್ತು. ಸುಟ್ಟ ಬ್ರೆಡ್ಡಿನ ಹೋಳುಗಳನ್ನು ಅದರಲ್ಲಿ ಒಂದೊಂದಾಗಿ ದೂರದೂರ ನಿಲ್ಲಿಸುತ್ತಾರೆ. ಯಾಕೆಂದು ಹದಿನೈದು ದಿನ ವಿಚಾರ ಮಾಡಿ ಕೊನೆಗೆ ಕಂಡುಕೊಂಡೆ: ಬೇಗ ತಣ್ಣಗಾಗಲಿ ಎಂದು. ಬಸಣ್ಣ ನಂಬಲಿಲ್ಲ. ರೊಟ್ಟಿ ಬಿಸಿಬಿಸಿ ತಟ್ಟೆಗೆ ಬೀಳದಿದ್ದರೆ ಜಗಳ ಹೂಡುವ ಊರಿನವರು ಅವರು.

ಮಿಸ್ಟರ್ ಡಾಬ್ಸ್ ಪೇಪರಿನ ಹಿಂದೆ ವಾಸವಾಗಿದ್ದರು. ಊರಿನ ಬಿಯರ್ ಕಾರ್ಖಾನೆಯಲ್ಲಿ ಬಿಯರ್ ತಯಾರಿಸುವ ಮುಖ್ಯಸ್ಥರು ಎಂಬುದಷ್ಟೇ ನಮಗೆ ಗೊತ್ತಿತ್ತು. ಮೂರು ವಾರ ನಾನು ಅವರ ಬೆರಳುಗಳನ್ನೂ ನೆತ್ತಿಯನ್ನೂ ಮಾತ್ರ ನೋಡಿದ್ದೆ. ಪೇಪರು ಕೆಳಗಿಳಿದದ್ದು ಒಂದು ಭಾನುವಾರ, ನನ್ನ ನಾಲಿಗೆಯಿಂದಾಗಿ. ಮಾತಾಡುವ ನಾಲಿಗೆಯಲ್ಲ, ರುಚಿ ನೋಡುವುದು.

ಅವತ್ತು ಮಿಸೆಸ್ ಡಾಬ್ಸ್ ಒಂದು ಸಿಹಿ ಮಾಡಿದ್ದರು. ಅದರಲ್ಲಿ ಹಾಕುವ ಪಾಕ ನಮ್ಮ ಜೋನಿಬೆಲ್ಲದ ದೂರದ ನೆಂಟ. ಒಂದು ಚಮಚ ಬಾಯಿಗಿಟ್ಟು ನಾನು, "ಇದು ಹೋದ ವಾರದ ಡಬ್ಬಿಯದಲ್ಲ. ಜೊತೆಗೆ ತಳವೂ ಸ್ವಲ್ಪ ಹಿಡಿದಿದೆ," ಅಂದೆ. ಆಕೆಯ ಮುಖ ಕೆಂಪಾಯಿತು. ಅಂಗಡಿಯವನು ಬೇರೆ ಡಬ್ಬಿ ಕೊಟ್ಟದ್ದೂ ನಿಜ, ಒಲೆಯ ಮೇಲಿಟ್ಟು ಪಕ್ಕದ ಮನೆಯಾಕೆಯ ಜೊತೆ ಮಾತಿಗೆ ನಿಂತದ್ದೂ ನಿಜ.

ಪೇಪರು ಇಳಿಯಿತು. "ಇದನ್ನು ಎಲ್ಲಿ ಕಲಿತೆ?" ಅಂದರು ಡಾಬ್ಸ್.

ನಮ್ಮ ದೊಡ್ಡಪ್ಪನದು ಮಂಡಿಪೇಟೆಯಲ್ಲಿ ಬೆಲ್ಲದ ದಲಾಲಿ ಅಂಗಡಿ. ಗಾಡಿಯಿಂದ ಇಳಿದ ಬೆಲ್ಲವನ್ನು ಒಡೆದು, ಮೂಸಿ, ಚೂರು ಬಾಯಿಗಿಟ್ಟು, ಯಾವ ಊರಿನ ಆಲೆಮನೆಯದು, ಎಷ್ಟು ಹೊತ್ತು ಕುದಿದದ್ದು, ಯಾರು ಒಲೆಯ ಮುಂದೆ ತೂಕಡಿಸಿದರು ಎಂದು ಹೇಳುವುದು ಅವನ ವಿದ್ಯೆ. ನಾನು ಓದುವುದಕ್ಕಿಂತ ಮುಂಚೆ ಕಲಿತದ್ದು ಅದನ್ನು. ಇಷ್ಟನ್ನು ಹೇಳಿದೆ. ಡಾಬ್ಸ್ ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಮೂರು ವಾರದ ಮಾತನ್ನು ಒಟ್ಟಿಗೆ ಆಡಿದರು.

ವರ್ಷಕ್ಕೊಮ್ಮೆ ಅವರು ಒಂದು ಕಪ್ಪು ಬಿಯರು ಮಾಡುತ್ತಾರೆ. ಹೆಸರು ಇಂಪೀರಿಯಲ್ ಸ್ಟೌಟ್. ಮಾಡಿದ ಮೇಲೆ ವರ್ಷವಿಡೀ ಮರದ ದೊಡ್ಡ ತೊಟ್ಟಿಗಳಲ್ಲಿ ಮಲಗಿರಬೇಕು. ಅವರಪ್ಪನಿಂದ ಕಲಿತದ್ದು. ಈಗ ಕಾರ್ಖಾನೆ ಅದನ್ನು ಕಟ್ಟಿದ ಮಾಲೀಕರ ಮೊಮ್ಮಗನ ಕೈಗೆ ಬಂದಿದೆ. ಮಿಸ್ಟರ್ ಹೆನ್ರಿ ಎಂಬ ಆ ತರುಣನಿಗೆ ಮೂರು ತೊಟ್ಟಿಗಳು ಒಂದು ವರ್ಷ ಸುಮ್ಮನೆ ಮಲಗಿರುವುದು ಕಣ್ಣಿಗೆ ಚುಚ್ಚುತ್ತಿದೆ. ಜನಕ್ಕೆ ಬೇಕಾದದ್ದು ತಿಳಿಹಳದಿಯ, ಹಗುರವಾದ ಬಿಯರು ಎನ್ನುತ್ತಾನೆ. ಮಂಗಳವಾರ ಐದು ಜನರಿಂದ ರುಚಿ ನೋಡಿಸುತ್ತಾನೆ. ಹೆಚ್ಚು ಜನ ಇರಲಿ ಎಂದರೆ ಕಪ್ಪು ಬಿಯರು ಉಳಿಯುತ್ತದೆ. ಇಲ್ಲದಿದ್ದರೆ ಈ ವರ್ಷದಿಂದ ನಿಂತಿತು.

"ಅದು ನಿಂತರೆ ಇವರನ್ನು ಬಾಟಲಿ ತುಂಬಿಸುವಲ್ಲಿಗೆ ಹಾಕುತ್ತಾರೆ," ಅಂದರು ಮಿಸೆಸ್ ಡಾಬ್ಸ್. "ಅಲ್ಲಿ ಇವರು ಒಂದು ಚಳಿಗಾಲ ಉಳಿಯುವುದಿಲ್ಲ." ಡಾಬ್ಸ್ ಮತ್ತೆ ಪೇಪರು ಎತ್ತಿಕೊಂಡರು. ಆದರೆ ಅದು ತಲೆಕೆಳಗಾಗಿತ್ತು.

ನಾನು ಸುಮ್ಮನಿರಬಹುದಿತ್ತು. "ಇಂಪೀರಿಯಲ್ ಎಂಬ ಹೆಸರೇ ಈ ಕಾಲಕ್ಕೆ ಸರಿಯಲ್ಲ. ಸಾಮ್ರಾಜ್ಯವನ್ನೇ ಬಿಟ್ಟು ಬಂದಿರಿ, ಹೆಸರು ಯಾಕೆ ಹಿಡಿದುಕೊಂಡಿದ್ದೀರಿ?" ಅಂದೆ.

"ನಿಮ್ಮನ್ನಾಳಿದ ಸಾಮ್ರಾಜ್ಯದ್ದಲ್ಲಪ್ಪ," ಪೇಪರಿನ ಹಿಂದಿನಿಂದ ಉತ್ತರ ಬಂತು. "ರಷ್ಯಾದ ಚಕ್ರವರ್ತಿಯ ಮನೆಗೆ ಹಡಗಿನಲ್ಲಿ ಹೋಗುತ್ತಿದ್ದದ್ದು. ಅದಕ್ಕೇ ಅಷ್ಟು ಗಟ್ಟಿ."

ಆ ಮನೆಯಲ್ಲಿ ನಾನು ಸೋತ ಮೊದಲ ವಾದ.

ಐದನೆಯವನಾಗಿ ನನ್ನನ್ನು ಸೇರಿಸಲು ಡಾಬ್ಸ್ ಕೇಳಿಕೊಂಡರು. ಹೆನ್ರಿ ಕೂಡಲೇ ಒಪ್ಪಿದ. ಬಿಯರನ್ನೇ ಕುಡಿಯದವನು ಕಪ್ಪು ನೋಡಿ ಮುಖ ಸಿಂಡರಿಸಿ ಹಳದಿಯನ್ನು ಮೆಚ್ಚಿಕೊಳ್ಳುತ್ತಾನೆ ಎಂದು ಅವನ ಲೆಕ್ಕ. ನನ್ನ ಲೆಕ್ಕ ಬೇರೆ. ರೂಢಿಯಿಲ್ಲದವನೊಬ್ಬನೇ ನಿಷ್ಪಕ್ಷಪಾತಿ ಎಂದು ನಾನು ಬಸಣ್ಣನಿಗೆ ವಿವರಿಸಿದೆ. ರುಚಿ ನೋಡುವುದು ಬೇರೆ, ಕುಡಿಯುವುದು ಬೇರೆ; ದೊಡ್ಡಪ್ಪ ದಿನವೆಲ್ಲ ಬೆಲ್ಲ ಬಾಯಿಗಿಡುತ್ತಾನೆ, ಅವನು ಬೆಲ್ಲ ತಿಂದ ಅಂತ ಯಾರಾದರೂ ಅನ್ನುತ್ತಾರೆಯೆ?

"ಅದೆಲ್ಲ ನಂಗ್ಯಾಕ ಹೇಳ್ತೀಯ ತಮ್ಮಾ?" ಅಂದರು ಬಸಣ್ಣ. "ನಾ ಏನು ನಿಮ್ಮವ್ವನಾ?"

ಮಂಗಳವಾರ, ಮಾದರಿ ಕೋಣೆ

ಕಾರ್ಖಾನೆಯಲ್ಲಿ ಬಿಯರಿನ ರುಚಿ ನೋಡುವ ಮಾದರಿ ಕೋಣೆ ನಮ್ಮೂರ ವಕೀಲರ ಕೋಣೆಯ ಹಾಗಿತ್ತು: ಮೇಜು, ಚರ್ಮದ ಕುರ್ಚಿಗಳು, ಸತ್ತ ಹಿರಿಯರ ಪಟಗಳು. ಪಬ್ಬುಗಳನ್ನು ನಡೆಸುವ ಇಬ್ಬರು ಮುದುಕರು, ಕಾರ್ಖಾನೆಯ ಗುಮಾಸ್ತ, ಹೆನ್ರಿಯ ಷಡ್ಡಕ, ನಾನು. ಒಬ್ಬೊಬ್ಬರಿಗೆ ಒಂದು ಕಾರ್ಡು, ಒಂದು ಪೆನ್ಸಿಲ್ಲು. ಡಾಬ್ಸ್ ಬಿಳಿ ಕೋಟು ಹಾಕಿಕೊಂಡು ಗ್ಲಾಸು ತಂದಿಟ್ಟರು.

ಮೊದಲು ಹಳದಿ. ನಾನು ಶಾಸ್ತ್ರೋಕ್ತವಾಗಿ ಬೆಳಕಿಗೆ ಹಿಡಿದೆ, ಮೂಸಿದೆ, ಬಾಯಲ್ಲಿ ಒಂದು ಸುತ್ತು ತಿರುಗಿಸಿದೆ. ಆಮೇಲೆ ದೊಡ್ಡಪ್ಪನ ಅಂಗಡಿಯಲ್ಲಿ ಮಾಡುವಂತೆ ಉಗುಳುವ ಪಾತ್ರೆಗಾಗಿ ನೋಡಿದೆ. ಅಲ್ಲಿ ಗದ್ದಿಗೆಯ ಪಕ್ಕದಲ್ಲಿ ಯಾವಾಗಲೂ ಒಂದು ಹಿತ್ತಾಳೆಯ ಪೀಕದಾನಿ ಇರುತ್ತದೆ. ಇಲ್ಲೂ ಬಾಗಿಲ ಪಕ್ಕದಲ್ಲಿ ಹಿತ್ತಾಳೆಯದೇ, ಎತ್ತರದ್ದು, ಫಳಫಳ ಹೊಳೆಯುವುದು ಒಂದಿತ್ತು. ಎಷ್ಟು ಅಚ್ಚುಕಟ್ಟು ಜನ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಎದ್ದು ಹೋಗಿ ಅದರಲ್ಲಿ ಉಗುಳಿದೆ.

ಆರೂ ತಲೆಗಳು ನನ್ನ ಕಡೆ ತಿರುಗಿದವು.

"ಅದು," ಅಂದ ಹೆನ್ರಿ ಬಹಳ ಮೃದುವಾಗಿ, "ಛತ್ರಿ ಇಡುವುದು. ಅದರಲ್ಲಿರುವ ಛತ್ರಿ ನನ್ನದು."

ನಾನು ಕ್ಷಮೆ ಕೇಳಿದೆ. ಅವನೂ ಕ್ಷಮೆ ಕೇಳಿದ. ಇಬ್ಬರು ಮುದುಕರೂ ಯಾಕೋ ಕ್ಷಮೆ ಕೇಳಿದರು. ಆ ದೇಶದಲ್ಲಿ ಹಾಗೆ. ಡಾಬ್ಸ್ ನನ್ನ ಕಿವಿಯ ಹತ್ತಿರ ಬಗ್ಗಿ, "ಬಿಯರಿನ ಕಹಿ ಗೊತ್ತಾಗುವುದು ಗಂಟಲ ಹಿಂದೆ. ನುಂಗದೆ ತೀರ್ಪು ಕೊಟ್ಟರೆ ಅರ್ಧ ಪುಸ್ತಕ ಓದಿದ ಹಾಗೆ," ಅಂದರು. ವಾದ ಸರಿಯಾಗಿತ್ತು. ಅರ್ಧ ಓದಿ ತೀರ್ಪು ಕೊಡುವವರನ್ನು ಕಂಡರೆ ನನಗೂ ಆಗದು. ಅವ್ವ ಏನೂ ಹೇಳಿಲ್ಲವೆಂಬುದು ಆ ಕ್ಷಣ ಚೆನ್ನಾಗಿ ನೆನಪಿಗೆ ಬಂತು. ಆದರೂ ನುಂಗಿದೆ. ಹಳದಿಯ ಕಾರ್ಡಿನ ಮೇಲೆ ಬರೆದೆ: "ಚೆನ್ನಾಗಿದೆ."

ಆಮೇಲೆ ಕಪ್ಪು ಬಂತು.

ಕಿಟಕಿಗೆ ಹಿಡಿದರೆ ಬೆಳಕು ಆಚೆಯಿಂದ ಈಚೆಗೆ ಬರಲಿಲ್ಲ. ಮೇಲಿನ ನೊರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಉಕ್ಕುವಾಗ ಬರುವ ಬಣ್ಣದ್ದು. ಮೂಸಿದೆ. ಹುರಿದು ಒಂದು ಕ್ಷಣ ಹೆಚ್ಚಾದ ಕಾಫಿಬೀಜ, ತಳ ಹಿಡಿದ ಬೆಲ್ಲ, ಹಳೇ ಹುಣಸೆಹಣ್ಣಿನ ಮಡಕೆ, ಅದರ ಹಿಂದೆ ಹೊಸ ಚಪ್ಪಲಿಯ ವಾಸನೆ. ಬಾಯಿಗೆ ಹಾಕಿದರೆ ದ್ರವವೋ ಪಾಕವೋ ತಿಳಿಯದ ಹಾಗೆ ನಾಲಿಗೆಯ ಮೇಲೆ ಕೂತುಬಿಟ್ಟಿತು. ಮೊದಲು ಸಿಹಿ, ಆಮೇಲೆ ಹುಳಿ, ನುಂಗಿದ ಮೇಲೆ ಬೇವಿನ ಕಡ್ಡಿಯ ಕಹಿ. ಹೊಟ್ಟೆಗೆ ಇಳಿದ ಮೇಲೆ ಎದೆಯಲ್ಲಿ ಯಾರೋ ಒಲೆ ಹಚ್ಚಿದಂತೆ. ನಾನು ನೆಟ್ಟಗೆ ಕೂತೆ. ದೊಡ್ಡಪ್ಪ ಅಪರೂಪಕ್ಕೊಮ್ಮೆ ಒಂದು ಉಂಡೆ ಬೆಲ್ಲ ಒಡೆದು ಹೀಗೆ ನೆಟ್ಟಗೆ ಕೂರುತ್ತಾನೆ. ಅಂಥ ಸರಕು ಬಂದಾಗ ಬಲ್ಲವನು ಏನು ಮಾಡಬೇಕೋ ಅದನ್ನೇ ಮಾಡಿದೆ.

ಪೆನ್ಸಿಲ್ಲು ತೆಗೆದುಕೊಂಡು ತಪ್ಪುಗಳನ್ನು ಬರೆಯತೊಡಗಿದೆ. ಬಣ್ಣ ಅತಿ. ಬೆಂಕಿ ಒಂದು ಉಸಿರು ಹೆಚ್ಚು. ಗ್ಲಾಸಿನ ಮೈಗೆ ಅಂಟಿ ಇಳಿಯಲು ಒಲ್ಲೆನ್ನುತ್ತದೆ. ಹುಣಸೆಯ ಹುಳಿ ಕೇಳದೆ ಬಂದು ಕೂತಿದೆ. ಚಪ್ಪಲಿ ಅಂಗಡಿಯ ವಾಸನೆಗೆ ಇಲ್ಲೇನು ಕೆಲಸ? ಕಹಿ ಮಧ್ಯಾಹ್ನದ ಊಟದವರೆಗೂ ಬಾಯಿ ಬಿಡುವುದಿಲ್ಲ. ಒಂದು ಗುಟುಕು ಕುಡಿದವನಿಗೆ ಮಾತು ಮರೆತುಹೋಗುತ್ತದೆ. ಕಾರ್ಡಿನ ಎರಡೂ ಬದಿ ಮುಗಿದು ಇನ್ನೊಂದು ಕಾರ್ಡು ಕೇಳಿದೆ. ಗ್ಲಾಸೂ ಇನ್ನೊಮ್ಮೆ ಕೇಳಿದೆ. ಒಟ್ಟು ಹದಿನೇಳಾಯಿತು. ಉಳಿದವರು "ಇರಲಿ", "ಬೇಡ" ಎಂದು ಒಂದೊಂದು ಪದ ಬರೆದಿದ್ದರು. ಕಾರಣವಿಲ್ಲದ ತೀರ್ಪು ತೀರ್ಪೇ ಅಲ್ಲ ಎಂದುಕೊಂಡು ನಾನು ಆ ಪದವನ್ನು ಬರೆಯುವ ಗೋಜಿಗೆ ಹೋಗಲಿಲ್ಲ. ನನ್ನ ಅಭಿಪ್ರಾಯ ಕುರುಡನಿಗೂ ಕಾಣುವಂತಿತ್ತಲ್ಲ.

ಹೆನ್ರಿ ಓದಿದ. ಮುದುಕರಿಬ್ಬರೂ ಇರಲಿ. ಗುಮಾಸ್ತ, ಷಡ್ಡಕ ಬೇಡ. ಕೊನೆಗೆ ನನ್ನದು. ಹಳದಿ: ಚೆನ್ನಾಗಿದೆ. ಹೆನ್ರಿಯ ಹುಬ್ಬು ಮೇಲೇರಿತು. ಕಪ್ಪು: ಒಂದು, ಎರಡು, ಮೂರು... ಒಂಬತ್ತನೆಯದಕ್ಕೆ ಬರುವಾಗ ಅವನ ಮುಖ ಅರಳಿತ್ತು. ಹದಿನೇಳು ಮುಗಿಸಿ ಎದ್ದು ಬಂದು ನನ್ನ ಕೈ ಕುಲುಕಿದ.

"ಇಷ್ಟು ಪ್ರಾಮಾಣಿಕವಾದ ಮಾತು ಈ ಕೋಣೆಯಲ್ಲಿ ಯಾವತ್ತೂ ಕೇಳಿರಲಿಲ್ಲ."

"ಥ್ಯಾಂಕ್ಯೂ," ಅಂದೆ.

ಡಾಬ್ಸ್ ನಮಗೆ ಬೆನ್ನು ಹಾಕಿ ಗ್ಲಾಸು ತೊಳೆಯುತ್ತಿದ್ದರು. ಸಂತೋಷ ತಡೆಯಲಾರದೆ ಮುಖ ಮರೆಮಾಡಿಕೊಂಡಿದ್ದಾರೆ ಎಂದು ತಿಳಿದು ನಾನೂ ಸತ್ತ ಹಿರಿಯರ ಪಟಗಳ ಕಡೆ ತಿರುಗಿದೆ.

ಅದೇ ಸಂಜೆ, ಎಲೆಕೋಸು

ಸಂಜೆ ಊಟಕ್ಕೆ ಬೇಯಿಸಿದ ಎಲೆಕೋಸು ಬಂತು. ಉಪ್ಪಿಲ್ಲ. ಮಿಸೆಸ್ ಡಾಬ್ಸ್ ಅದನ್ನು ತಟ್ಟೆಗೆ ಬಡಿಸಲಿಲ್ಲ, ಬಡಿದರು. ಡಾಬ್ಸ್ ಮೇಜಿಗೇ ಬರಲಿಲ್ಲ, ಹಿತ್ತಲಿನ ಷೆಡ್ಡಿನಲ್ಲಿ ಕೂತಿದ್ದರು.

"ಏನ್ ಮಾಡ್ಕೊಂಡು ಬಂದೆಪ್ಪಾ?" ಬಸಣ್ಣ ಪಿಸುಗುಟ್ಟಿದರು. "ಈ ಯಮ್ಮ ನನ್ ಕಡೀಗೂ ಹಂಗೇ ನೋಡ್ತೈತೆ. ನಾ ಏನ್ ಮಾಡೀನಿ?"

ನಾನು ಜೇಬಿನಿಂದ ನಕಲು ತೆಗೆದೆ. ಬರೆದದ್ದಕ್ಕೆಲ್ಲ ಒಂದು ನಕಲಿಡುವುದು ಚರ್ಚೆಯವರ ಅಭ್ಯಾಸ. ಹೆಮ್ಮೆಯಿಂದಲೇ ಕನ್ನಡದಲ್ಲಿ ಓದಿ ಹೇಳಿದೆ. ಬಸಣ್ಣನಿಗೆ ಆರನೆಯದಕ್ಕೇ ನಗು ಬಂದು ಹತ್ತನೆಯದಕ್ಕೆ ಕಣ್ಣಲ್ಲಿ ನೀರು ಬಂತು.

"ಅಲ್ಲಪ್ಪಾ, ಇಷ್ಟು ಓದೀಯ, ತಲ್ಯಾಗ ಏನೈತೆ? ನಮ್ಮಪ್ಪನ ಬೆಲ್ಲಕ್ಕ ನಿಮ್ ದೊಡ್ಡಪ್ಪ ಹದಿನೇಳು ಹೆಸರಿಟ್ಟಿದ್ರೆ ನಮ್ಮಪ್ಪ ಅವತ್ತು ಮನೀಗೆ ಬಂದು ಹೋಳಿಗೆ ಮಾಡ್ಸ್ತಿದ್ದ. 'ಚಲೋ ಐತೆ ಗೌಡ್ರೆ' ಅಂದ್ರೆ ಗಾಡಿ ತಿರುಗಿಸ್ಕೊಂಡು ಬರಾದೇ. ಅದು ನಮಗೆ ಗೊತ್ತೈತೆ. ಈ ಯಪ್ಪಗೆ ಯಾರು ಹೇಳಿದಾರ?"

ನಾನು ಚಮಚ ಕೆಳಗಿಟ್ಟೆ.

ಓದುಗರಲ್ಲಿ ಮಂಡಿಪೇಟೆಗೆ ಕಾಲಿಡದವರು ಇರಬಹುದು, ಅವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಕೊಳ್ಳುವವನು ಸರಕನ್ನು ಹೊಗಳುವುದಿಲ್ಲ. ಹೊಗಳಿದರೆ ಮಾರುವವನು ದರ ಏರಿಸುತ್ತಾನೆ. ಹಾಗಾಗಿ ಸರಕು ಎಷ್ಟು ಒಳ್ಳೆಯದೋ ಅಷ್ಟು ಬೈಗುಳ. ಮೈಮರೆಸುವಂಥದ್ದು ಬಂದರೆ ದೊಡ್ಡಪ್ಪ ಹಣೆ ಹಣೆ ಬಡಿದುಕೊಳ್ಳುತ್ತಾನೆ. ಬೇಡವಾದ ಸರಕಿಗೆ "ಚೆನ್ನಾಗಿದೆ" ಎಂದು ಮರ್ಯಾದೆಯಿಂದ ಕೈಮುಗಿದು ಕಳಿಸುತ್ತಾನೆ. ತಪ್ಪು ಹೇಳುವ ಶ್ರಮ ಯಾಕೆ ಎಂದು. ಇದು ಮಂಡಿಪೇಟೆಯ ಪದ್ಧತಿ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಲೋಕದ ಪದ್ಧತಿ ಎಂದುಕೊಂಡಿದ್ದೆ. ದೇವರನ್ನು ಪ್ರಶ್ನಿಸಿದ್ದೆ, ಜ್ಯೋತಿಷ್ಯವನ್ನು ಪ್ರಶ್ನಿಸಿದ್ದೆ, ದೊಡ್ಡಪ್ಪನ ಅಂಗಡಿಯನ್ನು ಪ್ರಶ್ನಿಸಲು ಮರೆತಿದ್ದೆ.

ಷೆಡ್ಡಿಗೆ ಓಡಿದೆ. ಡಾಬ್ಸ್ ಒಂದು ಕುಂಡದ ಮಣ್ಣನ್ನು ಇನ್ನೊಂದಕ್ಕೆ ಸುರಿಯುತ್ತಿದ್ದರು, ಮತ್ತೆ ಅದನ್ನು ಇದಕ್ಕೆ. ನಾನು ಉಸಿರುಬಿಡದೆ ಎಲ್ಲ ಹೇಳಿದೆ. ಅವರು ಕೇಳಿದರು.

"ಅಂದರೆ ಹದಿನೇಳೂ ಹೊಗಳಿಕೆ?"

"ಹದಿನೇಳೂ."

"ಹಳದಿಗೆ ಚೆನ್ನಾಗಿದೆ ಎಂದೆಯಲ್ಲ?"

"ಕೈಮುಗಿದು ಕಳಿಸಿದೆ."

ಅವರ ಹೊಟ್ಟೆ ಅಲುಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿಯವರು ನಗುವುದೂ ಅಷ್ಟು ಒಳಗೊಳಗೇ. ಆಮೇಲೆ ನಗು ನಿಂತಿತು. "ಕಾರ್ಡು ಹೆನ್ರಿಯ ಮೇಜಿನಲ್ಲಿದೆ, ಮಗು," ಅಂದರು.

ಬುಧವಾರ, ಹೆನ್ರಿಯ ಆಫೀಸು

ಮಾತಿನಿಂದ ಕೆಟ್ಟದ್ದನ್ನು ಮಾತಿನಿಂದ ಸರಿಪಡಿಸಬಹುದು ಎಂದು ನಾನು ನಂಬಿದ್ದ ಕಾಲ ಅದು. ಒಂದು ಗಂಟೆ ರಜೆ ಕೇಳಿಕೊಂಡು ಹೋದೆ. ಪೀಠಿಕೆ, ಮೂರು ವಾದ, ಉಪಸಂಹಾರ ಎಲ್ಲ ಸಿದ್ಧವಿತ್ತು. ಹೆನ್ರಿ ಹೊಸ ಛತ್ರಿಯನ್ನು ನನ್ನಿಂದ ದೂರ ಸರಿಸಿಟ್ಟು ಕೂರಿಸಿದ.

ಮಂಡಿಪೇಟೆಯ ಪದ್ಧತಿಯನ್ನು ವಿವರಿಸಿದೆ. ಅವನು ಗಮನವಿಟ್ಟು ಕೇಳಿ, "ನಿಮ್ಮೂರಲ್ಲಿ ಒಬ್ಬ ಮನುಷ್ಯನನ್ನು ಮೆಚ್ಚಿದರೆ ಏನು ಮಾಡುತ್ತೀರಿ, ಹೊಡೆಯುತ್ತೀರಾ?" ಅಂದ.

"ಇದು ಸರಕಿಗೆ ಮಾತ್ರ."

"ಸರಿ. ನೀವು ಬರೆದ ಹದಿನೇಳರಲ್ಲಿ ಸುಳ್ಳು ಯಾವುದು?"

"ಸುಳ್ಳು ಯಾವುದೂ ಅಲ್ಲ."

"ಕಹಿ ಮಧ್ಯಾಹ್ನದವರೆಗೂ ಬಾಯಲ್ಲಿರುತ್ತದೆಯೆ?"

"ಇರುತ್ತದೆ."

"ಚಪ್ಪಲಿಯ ವಾಸನೆ?"

"ಹೊಸ ಚಪ್ಪಲಿಯದು," ಅಂದೆ, ಡಾಬ್ಸ್ ಅವರ ಮರ್ಯಾದೆಗಾಗಿ.

"ಹಾಗಾದರೆ ನಿಮ್ಮ ಸಾಕ್ಷ್ಯ ನಿಜ, ನಿಮ್ಮ ಅಭಿಪ್ರಾಯ ಮಾತ್ರ ಬೇರೆ. ನನಗೆ ಸಾಕ್ಷ್ಯ ಸಾಕು." ಅವನು ನಕ್ಕ. ಕೆಟ್ಟ ಮನುಷ್ಯನಲ್ಲ, ಇದೇ ಪ್ರಶ್ನೆಗಳನ್ನು ನಾನೂ ಇದೇ ಸಾಲಿನಲ್ಲಿ ಕೇಳುತ್ತಿದ್ದೆ. "ಶನಿವಾರ ಸಂಜೆ ಪಬ್ಬಿನಲ್ಲಿ ನಿಮ್ಮ ಕಾರ್ಡನ್ನು ಓದುತ್ತೇನೆ. ಹಳಬರು ಗೊಣಗುತ್ತಿದ್ದಾರಂತೆ. ನಿಲ್ಲಿಸುತ್ತಿರುವುದು ನನ್ನ ಹಟಕ್ಕಲ್ಲ, ದೂರದೇಶದ ನಿಷ್ಪಕ್ಷಪಾತಿಯ ಮಾತಿನಿಂದ ಎಂದು ಅವರಿಗೂ ತಿಳಿಯಲಿ. ನೀವೂ ಬನ್ನಿ."

ಉಪಸಂಹಾರ ಜೇಬಿನಲ್ಲೇ ಉಳಿಯಿತು. ಮೂರು ದಿನ ಎಲೆಕೋಸು ತಿಂದೆವು. ಮಿಸೆಸ್ ಡಾಬ್ಸ್‌ಗೆ ಗಂಡ ವಿಷಯ ಹೇಳಿದ್ದರು. ಆದರೆ ನನ್ನ ಮನಸ್ಸು ಒಳ್ಳೆಯದೆಂದು ತಿಳಿದ ಮಾತ್ರಕ್ಕೆ ಕಪ್ಪು ಬಿಯರು ಉಳಿಯಲಿಲ್ಲವಲ್ಲ ಎಂಬುದು ಆಕೆಯ ನಿಲುವು.

ಶನಿವಾರ, ಪಬ್ಬು

ಪಬ್ಬೆಂದರೆ ಹೆಂಡದಂಗಡಿ, ಚಹದಂಗಡಿ, ಪಂಚಾಯ್ತಿ ಕಟ್ಟೆ ಮೂರನ್ನೂ ಸೇರಿಸಿ ಚಾಪೆ ಹಾಸಿದರೆ ಹೇಗೋ ಹಾಗೆ. ಬಸ್ಸಿನಲ್ಲಿ ಬಾಯಿಬಿಡದ ಜನ ಇಲ್ಲಿ ಒಬ್ಬರ ಭುಜದ ಮೇಲೊಬ್ಬರು ಕೈ ಹಾಕಿಕೊಂಡು ನಿಂತಿದ್ದರು. ನಾಯಿಗಳಿಗೂ ಒಳಗೆ ಜಾಗ ಇತ್ತು. ತಿನ್ನಲು ಏನೂ ಇಲ್ಲ.

"ಮಂಡಕ್ಕಿ ಇಲ್ಲ, ಮೆಣಸಿನಕಾಯಿ ಇಲ್ಲ, ಬರೇ ನೀರು ಕುಡಿದಂಗೆ ಕುಡೀತಾರಲ್ಲೋ," ಎಂದು ಬಸಣ್ಣ ಮರುಗಿದರು.

ಡಾಬ್ಸ್ ಮೂಲೆಯಲ್ಲಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಸಾವಿನ ಮನೆಗೆ ಬಂದವರಂತೆ. ಹೆನ್ರಿ ಒಂದು ಸ್ಟೂಲಿನ ಮೇಲೆ ನಿಂತು ವಿಷಯ ಹೇಳಿ ಕಾರ್ಡು ತೆಗೆದ. ಮೊದಲನೆಯ ತಪ್ಪು, ಎರಡನೆಯದು. ಮೂರನೆಯದಕ್ಕೆ, ಗ್ಲಾಸಿನಿಂದ ಇಳಿಯಲು ಒಲ್ಲೆನ್ನುತ್ತದೆ ಎಂಬಲ್ಲಿಗೆ, ಹಿಂದಿನಿಂದ ಒಬ್ಬ ಕೇಳಿದ:

"ಅದು ಇನ್ನೂ ಉಳಿದಿದೆಯಾ?"

"ಏನು?"

"ಅದೇ, ಗ್ಲಾಸಿನಿಂದ ಇಳಿಯದ್ದು. ಒಂದು ಕೊಡಿ ಇಲ್ಲಿ."

ಹೆನ್ರಿ ಓದುತ್ತ ಹೋದ. ಪಬ್ಬಿನ ಮುದುಕ ಪೀಪಾಯಿಯ ನಲ್ಲಿ ತಿರುಗಿಸಿದ. ಚಪ್ಪಲಿಯ ವಾಸನೆಯ ಹೊತ್ತಿಗೆ ಹತ್ತು ಜನ ಸಾಲಿನಲ್ಲಿ ನಿಂತಿದ್ದರು. ಹಳಬರಷ್ಟೇ ಅಲ್ಲ, ಕಪ್ಪನ್ನು ಯಾವತ್ತೂ ಮುಟ್ಟದ ನಮ್ಮ ಲೇತ್ ಕಾರ್ಖಾನೆಯ ತರುಣರು ಮುಂದಿದ್ದರು.

"ಹುಣಸೆ ಎಂದರೇನು? ನನಗೆ ಸಿಗುತ್ತಿಲ್ಲ."

"ಹಿಂದೆ ಇದೆ. ನುಂಗಿ ಕಾಯಬೇಕು."

"ನನಗೆ ಚಪ್ಪಲಿ ಸಿಕ್ಕಿತು! ಹೆನ್ರಿ, ಚಪ್ಪಲಿಯದು ಇನ್ನೊಮ್ಮೆ ಓದು."

"ಏಳನೆಯದನ್ನು ನಾನು ಒಪ್ಪುವುದಿಲ್ಲ. ನನಗೆ ಮಾತು ಮರೆತುಹೋಗಿಲ್ಲ."

"ಅದೇ ನಮ್ಮ ದುರದೃಷ್ಟ."

ಪಬ್ಬೇ ಎರಡು ಪಕ್ಷವಾಯಿತು. ಅಂಥ ಚರ್ಚೆಯನ್ನು ನಾನು ಯಾವ ಕಾಲೇಜಿನಲ್ಲೂ ಕೇಳಿಲ್ಲ. ತೀರ್ಮಾನಕ್ಕೆ ಬರಲು ಎಲ್ಲರೂ ಇನ್ನೊಂದು ಗ್ಲಾಸು ತರಿಸಿಕೊಳ್ಳಬೇಕಾಯಿತು. ಯಾಕೆ ಹೀಗಾಯಿತೆಂದು ನನ್ನ ಹತ್ತಿರ ತರ್ಕಬದ್ಧ ವಿವರಣೆ ಇಲ್ಲ. ಬಸಣ್ಣನ ಹತ್ತಿರ ಇತ್ತು. "ಇಷ್ಟು ಬೈಸ್ಕೊಂಡೈತೆ ಅಂದ್ರೆ ಒಳಗ ಏನೋ ಐತೆ ಅಂತ ಅನ್ಸಲ್ವಾ ಯಾರಿಗಾರ?" ಎಂದು ಹೇಳಿ ಅವರೂ ಎದ್ದು ಸಾಲಿನಲ್ಲಿ ನಿಂತರು. ನಾನು ನೋಡಿದ್ದಕ್ಕೆ, "ನಮ್ಮವ್ವ ಸ್ಟೇಷನ್ನಿಗೆ ಬಂದಿರಲಿಲ್ಲ," ಅಂದರು.

ಎಂಟು ಗಂಟೆಯೊಳಗೆ ಪೀಪಾಯಿ ಬರಿದಾಯಿತು. ಹೆನ್ರಿ ಇನ್ನೂ ಸ್ಟೂಲಿನ ಮೇಲೇ ಇದ್ದ, ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತ. ಕೊನೆಗೆ ಇಳಿದು ಡಾಬ್ಸ್ ಇದ್ದ ಮೂಲೆಗೆ ಹೋದ.

"ಮೂರು ತೊಟ್ಟಿ ಕೊಡಲಾರೆ," ಅಂದ. "ಒಂದು ತೊಟ್ಟಿ. ಒಂದು ವರ್ಷ ನೋಡೋಣ."

ಡಾಬ್ಸ್ ಟೊಪ್ಪಿಗೆ ತಲೆಗೆ ಹಾಕಿಕೊಂಡರು. "ದೊಡ್ಡ ತೊಟ್ಟಿ," ಅಂದರು. ನನ್ನ ಆರು ತಿಂಗಳಲ್ಲಿ ಅವರು ಹೆನ್ರಿಯ ಜೊತೆ ಮಾಡಿದ್ದು ಅದೊಂದೇ ವಾದ. ಗೆದ್ದರು.

ಕೊನೆಯ ಸೋಮವಾರ

ಅವ್ವನಿಗೆ ಎಲ್ಲ ಬರೆದಿದ್ದೆ. ಕೆಲಸದ ನಿಮಿತ್ತ ರುಚಿ ನೋಡಬೇಕಾಯಿತು, ಐದಾರು ಗುಟುಕು ನುಂಗಿದೆ ಎಂದು, ಕಾರಣಗಳ ಸಮೇತ ನಾಲ್ಕು ಪುಟ. ಅಪ್ಪನ ಕೈಬರಹದಲ್ಲಿ ಅವಳ ಉತ್ತರ ಬಂತು: "ಹೊಟ್ಟೆ ಹೆಂಗೈತೆ? ಮಜ್ಜಿಗೆ ಸಿಕ್ಕತೈತಾ?" ಕಾರಣಗಳನ್ನು ಅವಳು ಮುಟ್ಟಿಯೂ ನೋಡಿರಲಿಲ್ಲ.

ನಾವು ಹೊರಡುವ ಹಿಂದಿನ ದಿನ ಡಾಬ್ಸ್ ಹೊಸ ಕಪ್ಪು ಬಿಯರಿಗೆ ಒಲೆ ಹಚ್ಚಿದರು. ನೋಡಲು ನಮ್ಮಿಬ್ಬರನ್ನೂ ಕರೆದರು. ಬಾಗಿಲು ದಾಟಿದ್ದೇ ಬಸಣ್ಣ ನಿಂತುಬಿಟ್ಟರು. ಅಷ್ಟು ದೊಡ್ಡ ತಾಮ್ರದ ಕೊಪ್ಪರಿಗೆ, ಅಷ್ಟು ಹಬೆ, ಹುರಿದ ಬಾರ್ಲಿಯ ಆ ಸಿಹಿ ವಾಸನೆ. "ಆಲೆಮನಿ," ಅಂದರು ಮೆಲ್ಲಗೆ. ಆಮೇಲೆ ಯಾರನ್ನೂ ಕೇಳದೆ ತೋಳು ಮಡಚಿ, ನೊರೆ ತೆಗೆಯುವ ಹುಟ್ಟು ಎತ್ತಿಕೊಂಡರು. ಡಾಬ್ಸ್ ಒಂದು ಕ್ಷಣ ನೋಡಿ, ಅವರು ಕೈಯಾಡಿಸುವ ರೀತಿ ಕಂಡು ಜಾಗ ಬಿಟ್ಟುಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಗಂಟೆಗಟ್ಟಲೆ ತಲೆಯಾಡಿಸುತ್ತ, ಬೆರಳು ತೋರಿಸುತ್ತ ಕೆಲಸ ಮಾಡಿದರು. ನಡುವೆ ನಿಂತು ನಾನು ಅನುವಾದಿಸಲು ಹೋದೆ. ಇಬ್ಬರೂ ನನ್ನನ್ನು ಪಕ್ಕಕ್ಕೆ ಸರಿಸಿದರು.

ಹಾಪ್ಸ್ ಎಂಬ ಕಹಿ ಹೂವು ಬೀಳುವ ಮೊದಲು ಡಾಬ್ಸ್ ಒಂದು ತವರದ ಲೋಟದಲ್ಲಿ ಆ ಕಪ್ಪು ರಸ ತುಂಬಿ ನನ್ನ ಕೈಗಿಟ್ಟರು. "ಇದಕ್ಕೆ ಇನ್ನೂ ಹುದುಗು ಬರಿಸುವ ಹುಳಿ ಹಾಕಿಲ್ಲ. ಇದರಲ್ಲಿ ತಲೆಗೇರುವಂಥದ್ದು ಏನೂ ಇಲ್ಲ. ನಿನ್ನ ತಾಯಿ ಇಲ್ಲೇ ನಿಂತಿದ್ದರೂ ಕುಡಿಯಬಹುದು," ಅಂದರು.

ಬಿಸಿಯಾಗಿತ್ತು. ಕೊಪ್ಪರಿಗೆಯಿಂದ ಆಗಷ್ಟೇ ಮೊಗೆದ ಕಬ್ಬಿನ ಹಾಲಿಗೆ ಯಾರೋ ಕಾಫಿ ಹುರಿದ ಕೈ ಅದ್ದಿದಂತೆ. ನಿಂತಲ್ಲೇ ಇಡೀ ಲೋಟ ಕುಡಿದೆ, ಗಂಟಲ ಹಿಂದಿನವರೆಗೂ. ತಲೆಯೆತ್ತಿದರೆ ಡಾಬ್ಸ್ ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಾರೆ. ಬಸಣ್ಣನೂ ಕೈ ನಿಲ್ಲಿಸಿದ್ದಾರೆ. ಹಬೆಯಲ್ಲಿ ಇಬ್ಬರ ಹಣೆಯಿಂದಲೂ ಬೆವರು ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ.

ನಾನು ತಪ್ಪು ಹುಡುಕಿದೆ. ಬಣ್ಣದಲ್ಲಿ ಹುಡುಕಿದೆ, ವಾಸನೆಯಲ್ಲಿ ಹುಡುಕಿದೆ, ನಾಲಿಗೆಯ ಮೇಲೆ ಉಳಿದದ್ದರಲ್ಲಿ ಹುಡುಕಿದೆ. ಎಂಥ ಸರಕಿನಲ್ಲೂ ಒಂದಾದರೂ ಸಿಗುತ್ತದೆ. ಇದರಲ್ಲಿ ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳುವ ಹಾಗೂ ಇರಲಿಲ್ಲ, ಹೇಳಿದರೆ ಹಳದಿಯಂತೆ ಇದನ್ನೂ ಕೈಮುಗಿದು ಕಳಿಸಿದ ಹಾಗಾಗುತ್ತಿತ್ತು. ಆ ಮನುಷ್ಯನ ಮುಖ ಆಗಲೇ ಸಣ್ಣಗಾಗತೊಡಗಿತ್ತು.

"ಲೋಟ ಬಹಳ ಚಿಕ್ಕದು," ಅಂದೆ, ಆದಷ್ಟು ಸಿಟ್ಟಿನಿಂದ.

ಡಾಬ್ಸ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಕೊಪ್ಪರಿಗೆಗೆ ಅದ್ದಿದರು.